ಸೆಲ್ ಕಟ್ಟುವ ಮುಂಚೆ: ಮೈಸೂರಿನ ಒಂದು ಬ್ಯಾಟರಿ ಲ್ಯಾಬ್‌ನ ಪ್ರಕರಣ ಅಧ್ಯಯನ

ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಲಿಥಿಯಂ-ಅಯಾನ್ ಸೆಲ್‌ಗಳ ಮೇಲೆ ಪಿಎಚ್‌ಡಿ ಕೆಲಸ ನಡೆಯುತ್ತಿತ್ತು. ಪದಾರ್ಥ ಲಿಥಿಯಂ ಐರನ್ ಫಾಸ್ಫೇಟ್, ಎಲ್ಲರ ಬಾಯಲ್ಲಿ ಎಲ್‌ಎಫ್‌ಪಿ. ಎಲೆಕ್ಟ್ರಿಕ್ ಬಸ್ಸು, ಆಟೊ, ಸೋಲಾರ್ ಬ್ಯಾಟರಿಗಳಲ್ಲಿ ಇವತ್ತು ಜಾಸ್ತಿ ಕಾಣುವ ಪದಾರ್ಥ ಇದು. 1997ರಲ್ಲಿ ಇದನ್ನು ಬ್ಯಾಟರಿಗೆ ಬಳಸಬಹುದೆಂದು ಪ್ರಕಟಿಸಿದವರು ಪಾಢಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ಇದು ಅಗ್ಗ, ಬಿಸಿಗೆ ಸುಲಭವಾಗಿ ಬೆದರುವುದಿಲ್ಲ, ಬಾಳಿಕೆ ಚೆನ್ನಾಗಿದೆ. ದೊಡ್ಡ ತೊಂದರೆ ಅಂದರೆ ವಿದ್ಯುತ್ತನ್ನು ತೀರಾ ಕಡಿಮೆ ಹರಿಸುತ್ತದೆ. ಅದಕ್ಕೇ ಕಣಗಳನ್ನು ಬಹಳ ಸಣ್ಣದಾಗಿ ಮಾಡಿ, ಮೇಲೆ ಕಾರ್ಬನ್ ಹೊದಿಸುತ್ತಾರೆ. ಈ ಲ್ಯಾಬ್‌ನ ಸಂಶೋಧಕಿ ಅದಕ್ಕೆ ಚೂರು ಮೆಗ್ನೀಸಿಯಂ ಬೆರೆಸಿದ್ದರು. ಬೆರೆಸಿದರೆ ವೇಗದ ಚಾರ್ಜ್-ಡಿಸ್ಚಾರ್ಜ್ ಸುಧಾರಿಸುತ್ತದೆ ಅನ್ನುವುದು ಅವರ ವಾದ.

ಶುರುವಿನ ಫಲಿತಾಂಶಗಳು ಚೆನ್ನಾಗಿದ್ದವು. ಚದರ ಸೆಂಟಿಮೀಟರಿಗೆ ಸುಮಾರು 2 ಮಿಲಿಗ್ರಾಂ ಲೇಪ ಇರುವ ತೆಳು ಎಲೆಕ್ಟ್ರೋಡ್‌ಗಳು, ಅಂದರೆ ಲೋಹದ ಹಾಳೆಗೆ ಪುಡಿ ಬಳಿದ ಬಿಲ್ಲೆಗಳು. ಬೇಸಿಗೆಯಲ್ಲಿ ಮಾಡಿದವು. ಒಂದು ಗ್ರಾಂ ಪುಡಿ ಕೊಡುವ ಚಾರ್ಜ್ 150 ಮಿಲಿಆಂಪ್ ಅವರ್ ದಾಟುತ್ತಿತ್ತು. ಎಲ್‌ಎಫ್‌ಪಿಯಿಂದ ಲೆಕ್ಕದ ಪ್ರಕಾರ ಸಿಗಬಹುದಾದ ಗರಿಷ್ಠ 170. ಹಾಗಾಗಿ 150 ಒಳ್ಳೆಯ ಅಂಕಿಯೇ. ಮೆಗ್ನೀಸಿಯಂ ಇರುವ ಸೆಲ್‌ಗಳು ಇಲ್ಲದವಕ್ಕಿಂತ ಸ್ವಲ್ಪ ಮುಂದಿದ್ದವು.

ಆಮೇಲೆ ಪ್ರಾಜೆಕ್ಟ್ ಪರಿಶೀಲನೆಗೆ ಬಂದವರು ನ್ಯಾಯವಾದ ಪ್ರಶ್ನೆ ಕೇಳಿದರು. ತೆಳು ಲೇಪದಲ್ಲಿ ಏನು ಬೇಕಾದರೂ ಕೆಲಸ ಮಾಡುತ್ತದೆ. ನಿಜವಾದ ಬ್ಯಾಟರಿಯ ಹತ್ತಿರದ ದಪ್ಪದಲ್ಲಿ, ಗ್ರಾಫೈಟ್ ಎದುರಿಟ್ಟು, ಪೂರ್ಣ ಸೆಲ್‌ನಲ್ಲಿ ತೋರಿಸಿ ಅಂದರು. ಲ್ಯಾಬ್‌ನವರು ಲೇಪವನ್ನು ಚದರ ಸೆಂಟಿಮೀಟರಿಗೆ 8 ಮಿಲಿಗ್ರಾಂಗೆ ಏರಿಸಿದರು. ಅಷ್ಟು ಹೊತ್ತಿಗೆ ಜುಲೈ ಬಂದಿತ್ತು.

ಫಲಿತಾಂಶ ಚೆಲ್ಲಾಪಿಲ್ಲಿಯಾಯಿತು. ಒಂದೇ ಹಾಳೆಯಿಂದ ಕತ್ತರಿಸಿದ ಸೆಲ್‌ಗಳಲ್ಲಿ ಒಂದು 140 ಕೊಟ್ಟರೆ ಪಕ್ಕದ್ದು 115. ಒಂದು ಗಂಟೆಯಲ್ಲಿ ಖಾಲಿಯಾಗುವ ವೇಗಕ್ಕೆ, ಅಂದರೆ 1ಸಿಗೆ, ಹೋದರೆ ಅರ್ಧಕ್ಕೆ ಕುಸಿತ. ಮೆಗ್ನೀಸಿಯಂ ಇದ್ದದ್ದು ಯಾವುದು, ಇಲ್ಲದ್ದು ಯಾವುದು ಅಂತ ಗ್ರಾಫ್ ನೋಡಿ ಹೇಳಲು ಆಗುತ್ತಿರಲಿಲ್ಲ.

ನಾನು ಸೆಲ್ ತಯಾರಿಕೆಯ ಕೆಲಸ ಮಾಡಿದವನು, ಈಗ ಮೈಸೂರಿನಲ್ಲೇ ಇದ್ದೇನೆ. ವಿಭಾಗದ ಮೇಡಂ ಒಮ್ಮೆ ಬಂದು ನೋಡಿ ಅಂದರು. ಹೋದಾಗ ಲ್ಯಾಬ್‌ನಲ್ಲಿ ಎರಡು ಅಭಿಪ್ರಾಯ ಇದ್ದವು. ಮೇಡಂ, "ಮಳೆಗಾಲ ಅಲ್ವಾ ಸರ್, ದಸರಾ ಕಳೆಯಲಿ, ಸರಿಹೋಗತ್ತೆ" ಅನ್ನುತ್ತಿದ್ದರು. ಸಂಶೋಧಕಿಗೆ ತಾನು ಮಾಡಿದ ಹೊಸ ಪುಡಿಯೇ ಕೆಟ್ಟಿದೆ ಅನ್ನುವ ಭಯ. ಮಾನಸಗಂಗೋತ್ರಿಯಲ್ಲಿ ಎಕ್ಸ್‌ಆರ್‌ಡಿ, ಅಂದರೆ ಪುಡಿಯ ಹರಳಿನ ರಚನೆ ತೋರಿಸುವ ಎಕ್ಸ್-ರೇ ಪರೀಕ್ಷೆ, ಮಾಡಿಸಿ ತಂದಿದ್ದರು. ಗೆರೆಗಳೆಲ್ಲ ಹಳೆಯ ಪುಡಿಯ ಜಾಗದಲ್ಲೇ ಇದ್ದವು. "ಸರ್, ಸಿಂಥೆಸಿಸ್ ಒಂದು ಚೂರೂ ಬದಲಾಗಿಲ್ಲ. ಆದ್ರೂ ಯಾಕೆ ಹೀಗೆ?" ಅಂದರು.

ಬದಲಾಗಿದ್ದು ಎರಡು ಸಂಗತಿ, ಎರಡೂ ಒಟ್ಟಿಗೆ: ಲೇಪದ ದಪ್ಪ ಮತ್ತು ಗಾಳಿಯ ತೇವ. ಅವನ್ನು ಬಿಡಿಸದೆ ಯಾರ ಮೇಲೂ ತಪ್ಪು ಹೊರಿಸುವ ಹಾಗಿರಲಿಲ್ಲ.

ಎಲೆಕ್ಟ್ರೋಡ್ ಹುಟ್ಟುವ ದಾರಿ

ಸೆಲ್ ಸೇರುವ ಮುಂಚೆ ಎಲೆಕ್ಟ್ರೋಡ್‌ಗೆ ಏನೇನಾಗುತ್ತದೆ ಅಂತ ನೋಡೋಣ. ಎಲ್‌ಎಫ್‌ಪಿ ಪುಡಿ, ಕಾರ್ಬನ್ ಬ್ಲ್ಯಾಕ್, ಪಿವಿಡಿಎಫ್ ಅನ್ನುವ ಬೈಂಡರ್, ಈ ಮೂರನ್ನೂ ಎನ್‌ಎಂಪಿ ಅನ್ನುವ ದ್ರಾವಕದಲ್ಲಿ ಕಲಸುತ್ತಾರೆ. ಬರುವ ಸ್ಲರಿಯನ್ನು 15 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಅಲ್ಯೂಮಿನಿಯಂ ಫಾಯಿಲ್ ಮೇಲೆ ಬ್ಲೇಡ್‌ನಿಂದ ಎಳೆಯುತ್ತಾರೆ. ಒಣಗಿಸುತ್ತಾರೆ. ಬಿಲ್ಲೆಗಳಾಗಿ ಪಂಚ್ ಮಾಡುತ್ತಾರೆ. ಆರ್ಗಾನ್ ತುಂಬಿದ, ಹೊರಗಿನ ಗಾಳಿ ಬಾರದ ಗ್ಲೋವ್‌ಬಾಕ್ಸ್ ಒಳಗೆ ಸೆಪರೇಟರ್ (ಎರಡು ಬದಿ ತಾಗದಂತೆ ತಡೆಯುವ ಪ್ಲಾಸ್ಟಿಕ್ ಪೊರೆ), ಎಲೆಕ್ಟ್ರೋಲೈಟ್ (ಲಿಥಿಯಂ ಅಯಾನು ಸಾಗಿಸುವ ದ್ರವ), ಎದುರಿಗೆ ಲಿಥಿಯಂ ಲೋಹದ ಬಿಲ್ಲೆ ಇಟ್ಟು ಒತ್ತಿ ಮುಚ್ಚುತ್ತಾರೆ. ಸಿಆರ್2032, ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪದ ಕಾಯಿನ್ ಸೆಲ್. ಲಿಥಿಯಂ ಲೋಹ ಎದುರಿಗಿರುವ ಇಂಥದ್ದಕ್ಕೆ ಹಾಫ್ ಸೆಲ್ ಅನ್ನುತ್ತಾರೆ.

ನಾನು ಒಂದು ದಿನ ಸುಮ್ನೆ ಕೂತು ಅವರ ಕೆಲಸ ನೋಡಿದೆ. ಯಾವುದನ್ನೂ ತಿದ್ದಲಿಲ್ಲ. ಬರೆದುಕೊಂಡಿದ್ದು ಇಷ್ಟು. ಎಳೆದ ಹಾಳೆಯನ್ನು ಸಾಮಾನ್ಯ ಬಿಸಿಗಾಳಿ ಓವನ್‌ನಲ್ಲಿ, ಬೇಗ ಆಗಲಿ ಅಂತ 120 ಡಿಗ್ರಿಗೆ ಇಟ್ಟು ಒಣಗಿಸುತ್ತಿದ್ದರು. ಒಣಗಿದ ಹಾಳೆಯನ್ನು ಉರುಳೆಯಲ್ಲಿ ಒತ್ತುವ ಕೆಲಸವೇ ಇರಲಿಲ್ಲ. ಬಿಲ್ಲೆಗಳನ್ನು ವ್ಯಾಕ್ಯೂಮ್ ಓವನ್‌ನಲ್ಲಿ ರಾತ್ರಿಯಿಡೀ ಇಡುತ್ತಿದ್ದರು, ಅದು ಸರಿ. ಬೆಳಿಗ್ಗೆ ಓವನ್ ಬಿಸಿ ಇರುವಾಗಲೇ ವಾಲ್ವ್ ತಿರುಗಿಸಿ ಹೊರಗಿನ ಗಾಳಿ ಒಳಗೆ ಬಿಡುತ್ತಿದ್ದರು. ಆಮೇಲೆ ಬಿಲ್ಲೆಗಳನ್ನು ತಕ್ಕಡಿಯಲ್ಲಿ ಒಂದೊಂದಾಗಿ ತೂಗಿ, ಜಿಪ್ ಕವರ್‌ಗೆ ಹಾಕಿ, ಕಾರಿಡಾರ್ ದಾಟಿ ಗ್ಲೋವ್‌ಬಾಕ್ಸ್ ಇರುವ ಕೋಣೆಗೆ ಒಯ್ಯುತ್ತಿದ್ದರು. ಕಿಟಕಿಯಾಚೆ ಮಳೆ ಹಿಡಿದಿತ್ತು.

ವ್ಯಾಕ್ಯೂಮ್ ಪಂಪ್ ಬಗ್ಗೆ ಹೇಳಿದ್ದು ಅಲ್ಲಿನ ಅಟೆಂಡರ್. "ಸರ್, ಆಯಿಲ್ ನೋಡಿ, ಬೆಳ್ಳಗೆ ಆಗೋಗಿದೆ" ಅಂದರು. ನೋಡಿದರೆ ಹೌದು, ಗಾಜಿನ ಕಿಂಡಿಯಲ್ಲಿ ಎಣ್ಣೆ ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು. ಎಣ್ಣೆಯಲ್ಲಿ ನೀರು ಸೇರಿ ಕಲಸಿಹೋದರೆ ಹೀಗಾಗುತ್ತದೆ. ಅಂಥ ಪಂಪ್ ಸದ್ದು ಮಾಡುತ್ತದೆಯೇ ಹೊರತು ಬೇಕಾದಷ್ಟು ಎಳೆಯುವುದಿಲ್ಲ. ನೀರಿನ ಆವಿ ಎಳೆಯುವಾಗ ಗ್ಯಾಸ್ ಬ್ಯಾಲಾಸ್ಟ್ ವಾಲ್ವ್ (ಸ್ವಲ್ಪ ಗಾಳಿ ಬಿಟ್ಟು, ಆವಿ ಎಣ್ಣೆಯಲ್ಲಿ ನೀರಾಗದಂತೆ ತಡೆಯುವುದು) ತೆರೆದಿಡಬೇಕು. ಓವನ್‌ಗೂ ಪಂಪ್‌ಗೂ ನಡುವೆ ಆವಿಯನ್ನು ಹಿಡಿದಿಡುವ ತಣ್ಣನೆಯ ಟ್ರ್ಯಾಪ್ ಹಾಕಬೇಕು. ಎಣ್ಣೆ ಬದಲಾಯಿಸಿ ವಾಲ್ವ್ ತೆರೆದ ಮೇಲೆ ಗೇಜ್‌ನ ಮುಳ್ಳು ಕೆಳಗಿಳಿಯಿತು. ಆ ಅಟೆಂಡರ್‌ಗೆ ಈ ವಿಷಯದಲ್ಲಿ ಸಲ್ಲಬೇಕಾದ ಶ್ರೇಯ ದೊಡ್ಡದು. ಲ್ಯಾಬ್‌ಗಳಲ್ಲಿ ಇಂಥವರ ಮಾತನ್ನು ಕೇಳಿಸಿಕೊಳ್ಳಬೇಕು ಅಂತ ನಾನು ಎಲ್ಲ ಕಡೆಯೂ ಹೇಳುತ್ತೇನೆ.

ನೀರು ಎಷ್ಟಿದ್ದರೆ ಜಾಸ್ತಿ?

25 ಡಿಗ್ರಿಯಲ್ಲಿ ಶೇ. 80 ತೇವಾಂಶ ಇರುವ ಮಳೆಗಾಲದ ಗಾಳಿಯನ್ನು ತೆಗೆದುಕೊಳ್ಳಿ. ಒಂದು ಘನ ಮೀಟರ್‌ನಲ್ಲಿ ಸುಮಾರು 18 ಗ್ರಾಂ ನೀರಿರುತ್ತದೆ. ಬ್ಯಾಟರಿ ಕಾರ್ಖಾನೆಯ ಡ್ರೈ ರೂಮ್‌ನಲ್ಲಿ ಗಾಳಿಯ ಇಬ್ಬನಿ ಬಿಂದುವನ್ನು (ಎಷ್ಟು ತಣ್ಣಗಾದರೆ ಅದರ ಆವಿ ಹನಿಗಟ್ಟುತ್ತದೋ ಆ ಮಟ್ಟ) ಮೈನಸ್ 40 ಡಿಗ್ರಿಗೆ ಇಳಿಸುತ್ತಾರೆ. ಆಗ ಅದೇ ಒಂದು ಘನ ಮೀಟರ್‌ನಲ್ಲಿ ಉಳಿಯುವುದು ಗ್ರಾಂನ ಹತ್ತನೇ ಒಂದು ಭಾಗದಷ್ಟು. ಇನ್ನು ಬೇಸಿಗೆಯ ಮಧ್ಯಾಹ್ನ, 34 ಡಿಗ್ರಿ, ಶೇ. 27 ತೇವಾಂಶ ಅಂತಿಟ್ಟುಕೊಂಡರೂ ಗಾಳಿಯಲ್ಲಿ ಹತ್ತು ಗ್ರಾಂ ನೀರಿದೆ. ಅಂದರೆ ದಸರಾ ಕಳೆಯಲಿ ಅಂತ ಕಾದರೆ ಕಷ್ಟ ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಪುಡಿಯ ಮೈಗೆ ಅಂಟುವ ನೀರು ಮುಖ್ಯವಾಗಿ ಶೇಕಡಾ ತೇವಾಂಶವನ್ನು ಅನುಸರಿಸುತ್ತದೆ. ಬೇಸಿಗೆಯ ಸೆಲ್‌ಗಳು ಬಚಾವಾಗಿದ್ದು ಅದರಿಂದ. ಎಲ್‌ಎಫ್‌ಪಿ ಕಣ ತೀರಾ ಸಣ್ಣದು, ಮೈ ವಿಸ್ತಾರ ಜಾಸ್ತಿ. ಹಾಗಾಗಿ ಹೀರುವುದೂ ಜಾಸ್ತಿ.

ಈ ನೀರು ಸೆಲ್ ಒಳಗೆ ಹೋದರೆ ಏನು ಮಾಡುತ್ತದೆ? ಎಲೆಕ್ಟ್ರೋಲೈಟ್‌ನಲ್ಲಿರುವ ಉಪ್ಪು ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್. ನೀರು ಸಿಕ್ಕರೆ ಅದು ಒಡೆದು ಲಿಥಿಯಂ ಫ್ಲೋರೈಡ್, ಫಾಸ್ಫರಸ್‌ನ ಒಂದು ಅನಿಲ ಮತ್ತು ಹೈಡ್ರೋಫ್ಲೋರಿಕ್ ಆಮ್ಲ ಆಗುತ್ತದೆ. ಸಮೀಕರಣದ ಪ್ರಕಾರ 18 ಗ್ರಾಂ ನೀರಿಗೆ 40 ಗ್ರಾಂ ಆಮ್ಲ. ಈ ಆಮ್ಲ ಎಲ್‌ಎಫ್‌ಪಿಯಿಂದ ಕಬ್ಬಿಣವನ್ನು ಕರಗಿಸಿ ತೆಗೆಯುತ್ತದೆ. ಕಬ್ಬಿಣ ಎದುರಿನ ಗ್ರಾಫೈಟ್ ಮೇಲೆ ಹೋಗಿ ಕೂರುತ್ತದೆ. ಅಲ್ಲಿನ ರಕ್ಷಣೆಯ ಪೊರೆ ಹಾಳಾಗಿ ಮತ್ತೆ ಮತ್ತೆ ಬೆಳೆಯುತ್ತದೆ, ಪ್ರತಿ ಸಲವೂ ಒಂದಿಷ್ಟು ಲಿಥಿಯಂ ತಿನ್ನುತ್ತದೆ.

ಪ್ರಮಾಣ ಅರ್ಥವಾಗಲಿ ಅಂತ ಸಂಶೋಧಕಿಗೆ ಬೋರ್ಡ್ ಮೇಲೆ ಲೆಕ್ಕ ಹಾಕಿ ತೋರಿಸಿದೆ. 12 ಮಿಲಿಮೀಟರ್ ಬಿಲ್ಲೆಯಲ್ಲಿ ಸುಮಾರು 9 ಮಿಲಿಗ್ರಾಂ ಲೇಪ. ಅದರಲ್ಲಿ ಸಾವಿರಕ್ಕೆ ಒಂದು ಭಾಗ ನೀರಿದ್ದರೆ 9 ಮೈಕ್ರೋಗ್ರಾಂ. ಸೆಲ್‌ಗೆ ಹಾಕುವ ಎಲೆಕ್ಟ್ರೋಲೈಟ್ ಸುಮಾರು 100 ಮಿಲಿಗ್ರಾಂ. ಆ 9 ಮೈಕ್ರೋಗ್ರಾಂ ಅದಕ್ಕೆ ಸೇರಿದರೆ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಭಾಗ ಆಯಿತು. ಬಾಟಲಿ ಮೇಲೆ 20 ಪಿಪಿಎಂಗಿಂತ ಕಡಿಮೆ ಅಂತ ಬರೆದಿರುವ ದುಬಾರಿ ಎಲೆಕ್ಟ್ರೋಲೈಟ್ ಕೊಂಡು, ಬಿಲ್ಲೆಯ ಜೊತೆಗೆ ಅದರ ನಾಲ್ಕೈದು ಪಟ್ಟು ನೀರನ್ನು ನಾವೇ ಒಳಗೆ ಕಳಿಸಿದಂತಾಗುತ್ತದೆ. ಹಳೆಯ ತೆಳು ಬಿಲ್ಲೆಯಲ್ಲಿ ಲೇಪ ಇದರ ಕಾಲು ಭಾಗ ಇತ್ತು, ನೀರೂ ಕಾಲು ಭಾಗ. ದಪ್ಪಕ್ಕೂ ತೇವಕ್ಕೂ ಇಲ್ಲಿ ನಂಟು ಸಿಕ್ಕಿತು.

ಬಿಡಿಸಿ ನೋಡಿದ್ದು

ಒಂದೇ ಹಾಳೆಯನ್ನು ನಾಲ್ಕು ಭಾಗ ಮಾಡಿಸಿದೆ. ಒಂದು ಭಾಗ ಹಳೆಯ ರೀತಿ. ಇನ್ನೊಂದು ಒತ್ತಿದ್ದು, ಒಣಗಿಸುವುದು ಹಳೆಯ ರೀತಿ. ಮೂರನೆಯದು ಒತ್ತದ್ದು, ಆದರೆ ಸರಿಯಾಗಿ ಒಣಗಿಸಿದ್ದು. ನಾಲ್ಕನೆಯದಕ್ಕೆ ಎರಡೂ. ಗುಂಪಿಗೆ ನಾಲ್ಕೈದು ಸೆಲ್, ಪುಡಿ ಮೆಗ್ನೀಸಿಯಂ ಇಲ್ಲದ್ದು. ಸಂಶೋಧಕಿಗೆ ಇದು ರುಚಿಸಲಿಲ್ಲ. ತಮ್ಮ ಪದಾರ್ಥ ಪಕ್ಕಕ್ಕಿಟ್ಟು ಸಾದಾ ಎಲ್‌ಎಫ್‌ಪಿ ಮೇಲೆ ಯಾಕೆ ಹೊತ್ತು ಕಳೆಯಬೇಕು ಅಂತ. "ಏನಮ್ಮ, ಅಳತೆ ಕೋಲು ನೇರ ಇಲ್ಲದೆ ಯಾವುದನ್ನ ಅಳೀತೀಯ?" ಅಂದೆ. ಒಪ್ಪಿದರು.

ಒತ್ತುವುದಕ್ಕೆ ಕ್ಯಾಲೆಂಡರಿಂಗ್ ಅನ್ನುತ್ತಾರೆ. ಎರಡು ಉರುಳೆಗಳ ನಡುವೆ ಹಾಳೆಯನ್ನು ಹಾಯಿಸುವುದು. ಲ್ಯಾಬ್‌ನಲ್ಲಿ ಅದಕ್ಕೆ ಯಂತ್ರ ಇರಲಿಲ್ಲ. ಅಶೋಕ ರಸ್ತೆಯ ಕಡೆ ಚಿನ್ನ ಬೆಳ್ಳಿ ಕೆಲಸದವರು ತಗಡು ಎಳೆಯಲು ಕೈಯಲ್ಲಿ ತಿರುಗಿಸುವ ರೋಲಿಂಗ್ ಮಿಷನ್ ಇಟ್ಟಿರುತ್ತಾರೆ. ಅಂಥದ್ದೊಂದು ಕೊಂಡರು. ಉರುಳೆ ನುಣುಪಾಗಿರಬೇಕು, ಎರಡು ತುದಿಯಲ್ಲೂ ಸಂದು ಒಂದೇ ಇರಬೇಕು. ಅಷ್ಟು ನೋಡಿಕೊಂಡರೆ ಕಾಲೇಜು ಲ್ಯಾಬ್‌ಗೆ ಧಾರಾಳ ಸಾಕು.

ಎಷ್ಟು ಒತ್ತಬೇಕು ಅನ್ನುವುದನ್ನು ಕಣ್ಣಂದಾಜಿಗೆ ಬಿಡಬಾರದು. ಇದನ್ನೂ ಲೆಕ್ಕ ಹಾಕಬಹುದು. ಲೇಪದಲ್ಲಿ ನೂರಕ್ಕೆ 90 ಎಲ್‌ಎಫ್‌ಪಿ, 5 ಕಾರ್ಬನ್, 5 ಪಿವಿಡಿಎಫ್. ಸಾಂದ್ರತೆ ಘನ ಸೆಂಟಿಮೀಟರಿಗೆ ಕ್ರಮವಾಗಿ 3.6, ಸುಮಾರು 1.9 ಮತ್ತು 1.78 ಗ್ರಾಂ. ಮೂರೂ ಸೇರಿ 3.3ರ ಹತ್ತಿರ. ಚದರ ಸೆಂಟಿಮೀಟರಿಗೆ 8 ಮಿಲಿಗ್ರಾಂ ಇರುವಾಗ ಒಂದೂ ರಂಧ್ರ ಇಲ್ಲದಿದ್ದರೆ ಲೇಪದ ದಪ್ಪ 24 ಮೈಕ್ರಾನ್. ಮೈಕ್ರೋಮೀಟರ್ ತೋರಿಸಿದ್ದು 75. ಫಾಯಿಲ್‌ನ 15 ಕಳೆದರೆ 60. ಅಂದರೆ ಲೇಪದಲ್ಲಿ ಶೇ. 60 ಖಾಲಿ ಜಾಗ. ಕಣಗಳು ಒಂದಕ್ಕೊಂದು ಸರಿಯಾಗಿ ತಾಗುತ್ತಲೇ ಇಲ್ಲ. ವಿದ್ಯುತ್ ಹರಿಸದ ಎಲ್‌ಎಫ್‌ಪಿಯಂಥ ಪದಾರ್ಥಕ್ಕೆ ಇದಕ್ಕಿಂತ ಕೆಟ್ಟ ಸ್ಥಿತಿ ಬೇರೆ ಇಲ್ಲ. ತೆಳು ಲೇಪದಲ್ಲಿ ಎಲ್ಲ ಕಣವೂ ಫಾಯಿಲ್‌ಗೆ ಹತ್ತಿರವೇ ಇದ್ದದ್ದರಿಂದ ಈ ದೋಷ ಮುಚ್ಚಿಹೋಗಿತ್ತು.

40 ಮೈಕ್ರಾನ್‌ಗೆ ಒತ್ತಿದರೆ ಖಾಲಿ ಜಾಗ ಶೇ. 40ಕ್ಕೆ ಇಳಿಯುತ್ತದೆ. ಶೇ. 30ರಿಂದ 40ರ ನಡುವೆ ಇರುವುದು ವಾಡಿಕೆ. ಇನ್ನೂ ಒತ್ತಿದರೆ ಎಲೆಕ್ಟ್ರೋಲೈಟ್ ಒಳಗೆ ಇಳಿಯಲು ದಾರಿ ಇರುವುದಿಲ್ಲ, ಕಣಗಳೂ ಒಡೆಯುತ್ತವೆ. ಒಂದೇ ಸಲಕ್ಕೆ ಒತ್ತಿದರೆ ಹಾಳೆ ಸುರುಳಿ ಸುತ್ತಿಕೊಂಡು ಅಂಚು ಬಿರಿಯುತ್ತದೆ. ಸಂದನ್ನು ಸ್ವಲ್ಪ ಸ್ವಲ್ಪವೇ ಕಿರಿದು ಮಾಡುತ್ತ ಹೋಗಬೇಕು. ಒತ್ತಿದ ಲೇಪ ಒಂದೆರಡು ಮೈಕ್ರಾನ್ ಮತ್ತೆ ಉಬ್ಬುತ್ತದೆ. ಹಾಗಾಗಿ ಮಾರನೆಯ ದಿನ ಅಳೆದದ್ದೇ ನಿಜವಾದ ದಪ್ಪ.

ಒಣಗಿಸುವುದನ್ನು ಎರಡು ಹಂತವಾಗಿ ಬಿಡಿಸಿದೆವು. ಮೊದಲನೆಯದು ಎನ್‌ಎಂಪಿ ಹೋಗಿಸುವುದು. ಅದು ಕುದಿಯುವುದು 202 ಡಿಗ್ರಿಯಲ್ಲಿ, ಹಾಗಾಗಿ ನಿಧಾನ. ಬೇಗ ಆಗಲಿ ಅಂತ ಬಿಸಿ ಏರಿಸಿದರೆ ದ್ರಾವಕ ಮೇಲಕ್ಕೆ ಓಡುತ್ತದೆ, ಬೈಂಡರನ್ನೂ ಎಳೆದುಕೊಂಡು ಹೋಗುತ್ತದೆ. ಕಡು ಬಿಸಿಲಿಗೆ ಹಾಕಿದ ಸಂಡಿಗೆ ಮೇಲೆ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದಲ್ಲ, ಹಾಗೆ. ಬೈಂಡರ್ ಮೇಲ್ಮೈಯಲ್ಲಿ ಸೇರುತ್ತದೆ, ಫಾಯಿಲ್ ಹತ್ತಿರ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಲೇಪ ದಪ್ಪವಾದಷ್ಟೂ ಇದು ಜಾಸ್ತಿ. ಪರೀಕ್ಷೆ ಸುಲಭ: ಸೆಲ್ಲೋಟೇಪ್ ಅಂಟಿಸಿ ಎಳೆಯುವುದು. ಹಳೆಯ ಹಾಳೆಯಲ್ಲಿ ಲೇಪ ಪೂರ್ತಿ ಎದ್ದು ಬಂದು ಫಾಯಿಲ್ ಹೊಳೆಯಿತು. 60 ಡಿಗ್ರಿಯಲ್ಲಿ ನಿಧಾನ ಒಣಗಿಸಿ, ಆಮೇಲೆ 80ಕ್ಕೆ ಏರಿಸಿದ ಹಾಳೆಯಲ್ಲಿ ಲೇಪ ನಡುವೆ ಸೀಳಿತು, ಫಾಯಿಲ್ ಬಿಡಲಿಲ್ಲ. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಎನ್‌ಎಂಪಿ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುವ ರಾಸಾಯನಿಕ. ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಒಣಗಿಸುವ ಓವನ್‌ನ ಹೊಗೆ ಅದನ್ನು ಹೊರಗೆಳೆಯುವ ಫ್ಯೂಮ್ ಹುಡ್‌ಗೆ ಹೋಗಲೇಬೇಕು. ಆ ಲ್ಯಾಬ್‌ನಲ್ಲಿ ಓವನ್ ಕೂತಿದ್ದು ವಿದ್ಯಾರ್ಥಿಗಳು ಓದುವ ಮೇಜಿನ ಪಕ್ಕ. ಮೊದಲು ಅದನ್ನು ಸರಿಸಿದೆವು.

ಎರಡನೆಯ ಹಂತ ನೀರು ಹೋಗಿಸುವುದು. ಇದು ಒತ್ತಿ, ಪಂಚ್ ಮಾಡಿ, ತೂಗಿ ಆದ ಮೇಲೆ, ಕೊನೆಯಲ್ಲಿ. ಈ ಕ್ರಮ ಬಹಳ ಮುಖ್ಯ. ಒಣಗಿಸಿ ಆಮೇಲೆ ತೂಗಿದರೆ ತಕ್ಕಡಿಯ ಮೇಲೇ ನೀರು ವಾಪಸ್ ಬರುತ್ತದೆ. ವ್ಯಾಕ್ಯೂಮ್‌ನಲ್ಲಿ 110 ಡಿಗ್ರಿ, 12 ಗಂಟೆ ಇಟ್ಟರೆ ಸಾಕು. ಪಿವಿಡಿಎಫ್ ಕರಗುವುದು 170ರ ಆಸುಪಾಸಿನಲ್ಲಿ, ಅದರ ಹತ್ತಿರ ಹೋಗುವ ಅಗತ್ಯವೇ ಇಲ್ಲ. ಸೆಪರೇಟರನ್ನು ಈ ಬಿಸಿಗೆ ಇಡಲೇಬಾರದು. ಪಾಲಿಎಥಿಲೀನ್ 135ಕ್ಕೇ ಕರಗುತ್ತದೆ, ಅದಕ್ಕೂ ಮುಂಚೆ ಸುರುಟುತ್ತದೆ. ಅದಕ್ಕೆ 50-60 ಡಿಗ್ರಿ ಸಾಕು.

ಉಳಿದದ್ದು ಓವನ್‌ನಿಂದ ಗ್ಲೋವ್‌ಬಾಕ್ಸ್‌ವರೆಗಿನ ಕಾರಿಡಾರ್. ಬಿಸಿ ಓವನ್‌ಗೆ ಮಳೆಗಾಲದ ಗಾಳಿ ಬಿಟ್ಟರೆ ಒಣಗಿದ ಎಲ್ಲ ರಂಧ್ರಗಳಿಗೂ ಅದು ನುಗ್ಗುತ್ತದೆ. ರಾತ್ರಿಯಿಡೀ ಮಾಡಿದ ಕೆಲಸ ಆ ಕ್ಷಣದಲ್ಲಿ ಅರ್ಧ ಹೋಯಿತು. ವಾಲ್ವ್ ಇರುವ ಗಾಜಿನ ಕೊಳವೆಯೊಂದನ್ನು ಊದಿಸಿ ತಂದರು. ಬಿಲ್ಲೆಗಳು ಅದರೊಳಗೇ ಒಣಗುತ್ತವೆ. ವಾಲ್ವ್ ಮುಚ್ಚಿ, ವ್ಯಾಕ್ಯೂಮ್ ಸಮೇತ ಕೊಳವೆಯನ್ನೇ ಗ್ಲೋವ್‌ಬಾಕ್ಸ್ ಒಳಗೆ ಕಳಿಸಿ ಅಲ್ಲಿ ತೆರೆಯುತ್ತಾರೆ. ಬಿಲ್ಲೆಗೆ ಮೈಸೂರಿನ ಗಾಳಿ ತಾಗುವುದೇ ಇಲ್ಲ.

ನಾಲ್ಕು ಗುಂಪುಗಳ ಫಲಿತಾಂಶ ಓದುವಾಗ ಲ್ಯಾಬ್‌ನಲ್ಲಿ ಎಲ್ಲರೂ ಸೆಲ್‌ಗಳನ್ನು ಚಾರ್ಜ್-ಡಿಸ್ಚಾರ್ಜ್ ಮಾಡಿ ಅಳೆಯುವ ಯಂತ್ರದ, ಅಂದರೆ ಸೈಕ್ಲರ್‌ನ, ಪರದೆಯ ಮುಂದೆ ಸೇರಿದ್ದರು. ಒತ್ತಿದ್ದು ಮಾತ್ರ ಮಾಡಿದ ಗುಂಪಿನಲ್ಲಿ 1ಸಿ ಸಾಮರ್ಥ್ಯ ಎದ್ದು ನಿಂತಿತು, ಚಾರ್ಜ್ ಮತ್ತು ಡಿಸ್ಚಾರ್ಜ್ ಗೆರೆಗಳ ನಡುವಿನ ಅಂತರ ಕಿರಿದಾಯಿತು. ಎಲ್‌ಎಫ್‌ಪಿಯಲ್ಲಿ ಇದನ್ನು ನೋಡುವುದು ಸುಲಭ. ಅದರ ವೋಲ್ಟೇಜ್ 3.4ರ ಹತ್ತಿರ ಚಪ್ಪಟೆಯಾಗಿ ಓಡುವುದರಿಂದ ಎರಡು ಗೆರೆಗಳ ಅಂತರ ನೇರ ಕಣ್ಣಿಗೆ ಬೀಳುತ್ತದೆ. ಆದರೆ ಆ ಗುಂಪಿನಲ್ಲಿ ಸೆಲ್‌ನಿಂದ ಸೆಲ್‌ಗೆ ಏರುಪೇರು ಹಾಗೇ ಉಳಿಯಿತು, ಸೈಕಲ್ (ಒಂದು ಚಾರ್ಜ್, ಒಂದು ಡಿಸ್ಚಾರ್ಜ್) ಓಡಿದಂತೆ ಇಳಿಕೆಯೂ ಉಳಿಯಿತು. ಒಣಗಿಸಿದ್ದು ಮಾತ್ರ ಮಾಡಿದ ಗುಂಪು ತದ್ವಿರುದ್ಧ. ವೇಗದಲ್ಲಿ ಸೋತಿತು. ಆದರೆ ಎಲ್ಲ ಸೆಲ್‌ಗಳೂ ಒಟ್ಟಿಗೆ ಸೋತವು, ಹಾಕಿದ ಚಾರ್ಜ್ ಹೆಚ್ಚುಕಡಿಮೆ ಪೂರ್ತಿ ವಾಪಸ್ ಬಂತು, ಇಳಿಕೆ ನಿಂತಿತು. ಎರಡೂ ಮಾಡಿದ ಗುಂಪು ನಿಧಾನ ವೇಗದಲ್ಲಿ 150ರ ಹತ್ತಿರ, 1ಸಿಯಲ್ಲಿ 125ರ ಆಸುಪಾಸು ಕೊಟ್ಟಿತು, ಅದೂ ಮಳೆಗಾಲದಲ್ಲೇ.

ಮೇಡಂ ಹೇಳಿದ್ದೂ ನಿಜವಾಗಿತ್ತು, ಅರ್ಧ. ಮಳೆ ಕೆಡಿಸಿದ್ದು ಏರುಪೇರನ್ನು ಮತ್ತು ಬಾಳಿಕೆಯನ್ನು. ವೇಗವನ್ನು ಕೆಡಿಸಿದ್ದು ಒತ್ತದ ದಪ್ಪ ಲೇಪ.

ಫಾಯಿಲ್ ಮತ್ತು ಪ್ರಿಲಿಥಿಯೇಶನ್

ಇಷ್ಟಾದರೂ ಸೆಲ್ ಒಳಗಿನ ವಿದ್ಯುತ್ ತಡೆಗಳನ್ನು ತೋರಿಸುವ ಇಂಪೀಡೆನ್ಸ್ ಗ್ರಾಫ್‌ನಲ್ಲಿ ಎಡಗಡೆ ಒಂದು ಚಿಕ್ಕ ಅರ್ಧವೃತ್ತ ಉಳಿದಿತ್ತು. ಸೆಲ್ ತುಂಬಿದ್ದರೂ ಖಾಲಿಯಿದ್ದರೂ ಅದು ಬದಲಾಗುತ್ತಿರಲಿಲ್ಲ. ರಾಸಾಯನಿಕ ಕ್ರಿಯೆಯದ್ದಾಗಿದ್ದರೆ ಬದಲಾಗಬೇಕಿತ್ತು. ಎರಡು ಒಂದೇ ಥರದ ಎಲ್‌ಎಫ್‌ಪಿ ಬಿಲ್ಲೆಗಳನ್ನು ಎದುರುಬದುರು ಇಟ್ಟು ನೋಡಿದರೂ ಅದೇ ಕಂಡಿತು. ಇದು ಅಲ್ಯೂಮಿನಿಯಂಗೂ ಲೇಪಕ್ಕೂ ನಡುವಿನ ತಡೆ. ಅಲ್ಯೂಮಿನಿಯಂ ಮೈಮೇಲೆ ಯಾವಾಗಲೂ ಆಕ್ಸೈಡ್ ಪೊರೆ ಇರುತ್ತದೆ, ಕಾರ್ಖಾನೆಯಲ್ಲಿ ಫಾಯಿಲ್ ಮಾಡುವಾಗ ಬಳಸಿದ ಎಣ್ಣೆಯ ಅಂಶವೂ ಇರಬಹುದು. ಇನ್ನೊಬ್ಬ ವಿದ್ಯಾರ್ಥಿ, ಮಂಡ್ಯ ಕಡೆಯ ಹುಡುಗ, ಕಾಸ್ಟಿಕ್ ಸೋಡಾದಲ್ಲಿ ಅದ್ದಿ ತೆಗೆಯೋಣ ಅಂದ. ಬೇಡ ಅಂದೆ. ಕ್ಷಾರ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ, ಹೈಡ್ರೋಜನ್ ಬಿಡುತ್ತದೆ, 15 ಮೈಕ್ರಾನ್ ಹಾಳೆಯಲ್ಲಿ ಅಲ್ಲಲ್ಲಿ ತೂತು ಬೀಳುತ್ತದೆ. ಆಲ್ಕೊಹಾಲ್‌ನಿಂದ ಒರೆಸಿದರೆ ಸ್ವಲ್ಪ ಉಪಯೋಗವಾಯಿತು. ಕಾರ್ಬನ್ ಲೇಪಿತ ಫಾಯಿಲ್ ತರಿಸಿದ ಮೇಲೆ ಆ ಅರ್ಧವೃತ್ತ ಹೆಚ್ಚುಕಡಿಮೆ ಮಾಯವಾಯಿತು. ಎಲ್‌ಎಫ್‌ಪಿಗೆ ಈ ಫಾಯಿಲ್‌ಗೆ ಕೊಡುವ ಹಣ ಸಾರ್ಥಕ ಅಂತ ನನ್ನ ಅಭಿಪ್ರಾಯ.

ಗ್ರಾಫೈಟ್ ಕಡೆ ಫಾಯಿಲ್ ತಾಮ್ರದ್ದು. ಮಳೆಗಾಲದಲ್ಲಿ ತೆರೆದಿಟ್ಟ ಸುರುಳಿ ಕಂದು ಬಣ್ಣಕ್ಕೆ ತಿರುಗಿತ್ತು. ತೆಳು ಅಸಿಟಿಕ್ ಆಮ್ಲದಲ್ಲಿ ಒರೆಸಿ, ನೀರು, ಆಮೇಲೆ ಆಲ್ಕೊಹಾಲ್‌ನಲ್ಲಿ ತೊಳೆದರೆ ಹೊಳಪು ಬರುತ್ತದೆ. ತಾಮ್ರದ ಮೇಲಿನ ಬಿಲ್ಲೆಯನ್ನು ಗಾಳಿ ಇರುವ ಬಿಸಿ ಓವನ್‌ಗೆ ಹಾಕಬಾರದು, ಮತ್ತೆ ಕಪ್ಪಾಗುತ್ತದೆ.

ಇನ್ನು ಎಲ್ಲರೂ ಆಸೆಯಿಂದ ಕಾಯುತ್ತಿದ್ದ ಪ್ರಿಲಿಥಿಯೇಶನ್. ಮೊದಲ ಚಾರ್ಜ್‌ನಲ್ಲಿ ಗ್ರಾಫೈಟ್ ಮೇಲೆ ಎಲೆಕ್ಟ್ರೋಲೈಟ್ ಒಡೆದು ಒಂದು ಪೊರೆ ಕಟ್ಟುತ್ತದೆ. ಅದಕ್ಕೆ ಬೇಕಾದ ಲಿಥಿಯಂ ಎಲ್‌ಎಫ್‌ಪಿಯಿಂದಲೇ ಬರಬೇಕು. ಆ ಲಿಥಿಯಂ ಮತ್ತೆ ವಾಪಸ್ ಬರುವುದಿಲ್ಲ. ಹಾಫ್ ಸೆಲ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ, ಎದುರಿಗೆ ಲಿಥಿಯಂ ಲೋಹ ಬೇಕಾದಷ್ಟಿದೆ. ಪೂರ್ಣ ಸೆಲ್ ಕಟ್ಟಿದ ದಿನವೇ ಪೆಟ್ಟು ಕಾಣುತ್ತದೆ. 150 ಕೊಡುತ್ತಿದ್ದ ಎಲ್‌ಎಫ್‌ಪಿ ಮೊದಲ ಸೈಕಲ್‌ನಲ್ಲೇ ಸುಮಾರು ಹತ್ತನೇ ಒಂದು ಭಾಗ ಕಳೆದುಕೊಂಡಿತು.

ಮಂಡ್ಯದ ಹುಡುಗನಿಗೆ ಇದು ಬಹಳ ನೋವು ಕೊಟ್ಟಿತು. "ಸರ್, ನಮ್ ಕಡೆ ಮರಳಗಾಲದಲ್ಲಿ ಲಿಥಿಯಂ ಸಿಕ್ಕಿದೆ ಅಂತ ಎಲ್ಲರೂ ಖುಷಿಪಡ್ತಾರೆ. ಇಲ್ಲಿ ನೋಡಿದ್ರೆ ಮೊದಲ ದಿನಾನೇ ಹತ್ತರಲ್ಲಿ ಒಂದು ಭಾಗ ವೇಸ್ಟು" ಅಂದ. ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ 1,600 ಟನ್ ಲಿಥಿಯಂ ಇದೆ ಅನ್ನುವುದು ಕೇಂದ್ರದ ಪರಮಾಣು ಖನಿಜ ನಿರ್ದೇಶನಾಲಯದ ಅಂದಾಜು. ಅವನ ಮಾತಿಗೆ ಲೆಕ್ಕ ಜೋಡಿಸಿದೆ. ಎಲ್‌ಎಫ್‌ಪಿಯ ತೂಕದಲ್ಲಿ ಲಿಥಿಯಂ ಶೇ. 4.4. ಒಂದು ಕಿಲೋವ್ಯಾಟ್ ಅವರ್ ಬ್ಯಾಟರಿಗೆ ಎರಡು ಕಿಲೋ ಎಲ್‌ಎಫ್‌ಪಿ, ಅದರಲ್ಲಿ 90 ಗ್ರಾಂ ಲಿಥಿಯಂ. ಹತ್ತನೇ ಒಂದು ಭಾಗ ಪೊರೆಗೆ ಹೋದರೆ ಕಿಲೋವ್ಯಾಟ್ ಅವರ್‌ಗೆ 9 ಗ್ರಾಂ. ಬಂಡೆಯಿಂದ ಎಷ್ಟು ಕಷ್ಟಪಟ್ಟು ತೆಗೆಯಬೇಕಾದ ಲೋಹ ಅದು. ಹುಡುಗನ ಸಂಕಟ ನನಗೂ ಸರಿ ಅನ್ನಿಸಿತು.

ಪ್ರಿಲಿಥಿಯೇಶನ್ ಅಂದರೆ ಆ ಪೊರೆಯ ಲಿಥಿಯಂ ಅನ್ನು ಮುಂಚೆಯೇ ಹೊರಗಿನಿಂದ ಕೊಡುವುದು. ಗ್ಲೋವ್‌ಬಾಕ್ಸ್ ಒಳಗೆ ಗ್ರಾಫೈಟ್ ಬಿಲ್ಲೆಗೆ ಒಂದೆರಡು ಹನಿ ಎಲೆಕ್ಟ್ರೋಲೈಟ್ ಹಾಕಿ, ಲಿಥಿಯಂ ಫಾಯಿಲ್ ಒತ್ತಿಟ್ಟು, ಕೆಲವು ನಿಮಿಷ ಬಿಟ್ಟು ತೆಗೆಯುವುದು. ಎಷ್ಟು ಬೇಕು? ಈ ಸೆಲ್‌ನಲ್ಲಿ ಕಳೆದುಹೋಗುವುದು ಚದರ ಸೆಂಟಿಮೀಟರಿಗೆ ಸುಮಾರು 0.12 ಮಿಲಿಆಂಪ್ ಅವರ್. ಲಿಥಿಯಂ ಗ್ರಾಂಗೆ 3,860 ಮಿಲಿಆಂಪ್ ಅವರ್ ಕೊಡುತ್ತದೆ. ಭಾಗಿಸಿದರೆ ಸುಮಾರು 30 ಮೈಕ್ರೋಗ್ರಾಂ. ಹಾಳೆಯಾಗಿ ಹರಡಿದರೆ ದಪ್ಪ 0.6 ಮೈಕ್ರಾನ್‌ಗಿಂತ ಕಡಿಮೆ. ಲ್ಯಾಬ್‌ನಲ್ಲಿದ್ದ ಲಿಥಿಯಂ ಬಿಲ್ಲೆ ಅದಕ್ಕಿಂತ ನೂರಾರು ಪಟ್ಟು ದಪ್ಪ. ಹಾಗಾಗಿ ನಿಯಂತ್ರಣ ಪೂರ್ತಿ ಸಮಯದ ಮೇಲೆ ಮತ್ತು ಒತ್ತಿದ ಬಲದ ಮೇಲೆ. ಅದು ಕೈಯಿಂದ ಕೈಗೆ ಬದಲಾಗುತ್ತದೆ.

ಫಲಿತಾಂಶವೂ ಹಾಗೇ ಬಂತು. ಕೆಲವು ಸೆಲ್‌ಗಳಲ್ಲಿ ಮೊದಲ ಸೈಕಲ್‌ನ ನಷ್ಟ ಬಹುಪಾಲು ತುಂಬಿತು. ಕೆಲವದರಲ್ಲಿ ಏನೂ ಆಗಲಿಲ್ಲ. ಒಂದು ಬಿಲ್ಲೆಯ ಅಂಚು ಬಂಗಾರದ ಬಣ್ಣಕ್ಕೆ ತಿರುಗಿತು. ಅಂದರೆ ಅಲ್ಲಿ ಗ್ರಾಫೈಟ್ ಪೂರ್ತಿ ತುಂಬಿಹೋಗಿದೆ, ಚಾರ್ಜ್ ಮಾಡಿದರೆ ಬರುವ ಲಿಥಿಯಂಗೆ ಜಾಗವಿಲ್ಲದೆ ಲೋಹವಾಗಿ ಮೇಲೆ ಕೂರುತ್ತದೆ. ಅದು ಶಾರ್ಟ್‌ಗೆ ದಾರಿ. ಅಂಥ ಬಿಲ್ಲೆಯನ್ನು ಸೆಲ್‌ಗೆ ಹಾಕಬಾರದು.

ಇಲ್ಲಿ ನನ್ನ ತೀರ್ಮಾನ ಲ್ಯಾಬ್‌ನವರಿಗಿಂತ ಬೇರೆ ಇತ್ತು. ಗ್ರಾಫೈಟ್‌ನ ನಷ್ಟ ಚಿಕ್ಕದು. ಅದನ್ನು ತುಂಬಲು ಇಷ್ಟು ಏರುಪೇರು ತರುವ ಹಂತ ಸೇರಿಸಿದರೆ, ಒಣಗಿಸಿ ಒತ್ತಿ ಗಳಿಸಿದ ನಂಬಿಕೆಯೇ ಹೋಗುತ್ತದೆ. ಒಣಗಿದ ಬಿಲ್ಲೆ, ಸೆಲ್ ಕಟ್ಟಿದ ಮೇಲೆ ಎಲೆಕ್ಟ್ರೋಲೈಟ್ ಇಳಿಯಲು ಒಂದು ರಾತ್ರಿ ಬಿಡುವು, ಮೊದಲ ಒಂದೆರಡು ಚಾರ್ಜ್ ತೀರಾ ನಿಧಾನ, ಇಷ್ಟನ್ನು ಪಾಲಿಸಿ, ಪ್ರಿಲಿಥಿಯೇಶನ್ ಬಿಡಿ ಅಂದೆ. ಹುಡುಗ ವಾದ ಮಾಡಿದ. ಮೇಡಂ ಕೊನೆಗೆ ಮುಖ್ಯ ಕೆಲಸದಿಂದ ಅದನ್ನು ಬೇರೆ ಮಾಡಿದರು.

ಮೆಗ್ನೀಸಿಯಂ ಏನಾಯಿತು

ಅಳತೆ ನೆಟ್ಟಗಾದ ಮೇಲೆ ಎರಡು ಪುಡಿಗಳನ್ನೂ ಅಕ್ಕಪಕ್ಕ ಇಟ್ಟರು. ನಿಧಾನ ವೇಗದಲ್ಲಿ ಮೆಗ್ನೀಸಿಯಂ ಇದ್ದದ್ದಕ್ಕೂ ಇಲ್ಲದ್ದಕ್ಕೂ ವ್ಯತ್ಯಾಸ ಇರಲಿಲ್ಲ. 1ಸಿಯಲ್ಲೂ ಗೆರೆಗಳು ಒಂದರ ಮೇಲೊಂದು ಬಿದ್ದವು. ಅದಕ್ಕಿಂತ ವೇಗಕ್ಕೆ ಹೋದಾಗ ಮಾತ್ರ ಮೆಗ್ನೀಸಿಯಂ ಇದ್ದದ್ದು ಸ್ವಲ್ಪ ಮುಂದೆ ನಿಂತಿತು, ಎಲ್ಲ ಸೆಲ್‌ಗಳಲ್ಲೂ ಒಂದೇ ರೀತಿ. ಬೇಸಿಗೆಯ ತೆಳು ಎಲೆಕ್ಟ್ರೋಡ್‌ಗಳಲ್ಲಿ ಕಂಡಿದ್ದ ಮೇಲುಗೈಯಲ್ಲಿ ಬಹುಪಾಲು ಲೇಪದಿಂದ ಲೇಪಕ್ಕೆ ಇದ್ದ ವ್ಯತ್ಯಾಸ.

ಸಂಶೋಧಕಿ ಎರಡು ದಿನ ಲ್ಯಾಬ್ ಕಡೆ ಬರಲಿಲ್ಲ. ನನಗೆ ಅರ್ಥವಾಯಿತು. ವರ್ಷಗಟ್ಟಲೆ ಹಿಡಿದ ವಾದ ಚಿಕ್ಕದಾಗುವುದನ್ನು ನೋಡುವುದು ಸುಲಭವಲ್ಲ. ಮೇಡಂ ಮನೆಗೆ ಕರೆದು ಮಾತಾಡಿದರು. ವಾಪಸ್ ಬಂದಾಗ ಸಂಶೋಧಕಿ ಪೇಪರಿನ ತಲೆಬರಹವನ್ನೇ ಬದಲಾಯಿಸಿಕೊಂಡು ಬಂದಿದ್ದರು. ಮೆಗ್ನೀಸಿಯಂನ ಲಾಭ ಹೆಚ್ಚಿನ ವೇಗಕ್ಕೆ ಸೀಮಿತ ಅಂತ ಸ್ಪಷ್ಟವಾಗಿ ಬರೆದರು. ಜೊತೆಗೆ ಎಲೆಕ್ಟ್ರೋಡ್ ತಯಾರಿಯ ಭಾಗವನ್ನು ವಿವರವಾಗಿ ಇಟ್ಟರು: ಯಾವ ಬಿಸಿ, ಎಷ್ಟು ಗಂಟೆ, ಒತ್ತುವ ಮುಂಚೆ ಮತ್ತು ಆಮೇಲೆ ದಪ್ಪ, ಖಾಲಿ ಜಾಗ ಶೇಕಡಾ ಎಷ್ಟು, ಓವನ್‌ನಿಂದ ಗ್ಲೋವ್‌ಬಾಕ್ಸ್‌ಗೆ ಹೇಗೆ ಹೋಯಿತು, ಗುಂಪಿಗೆ ಎಷ್ಟು ಸೆಲ್, ಅವುಗಳ ನಡುವೆ ಏರುಪೇರು ಎಷ್ಟು. ಎಷ್ಟೋ ಪೇಪರುಗಳಲ್ಲಿ ಈ ಜಾಗದಲ್ಲಿ 'ರಾತ್ರಿಯಿಡೀ ಒಣಗಿಸಲಾಯಿತು' ಅನ್ನುವ ಒಂದೇ ಸಾಲು ಇರುತ್ತದೆ. ಅದನ್ನು ಓದಿ ಇನ್ನೊಂದು ಊರಿನವರು ಅದೇ ಸೆಲ್ ಕಟ್ಟಲು ಸಾಧ್ಯವೇ ಇಲ್ಲ.

ಓವನ್ ಪಕ್ಕದ ಗೋಡೆಗೆ ತೇವಾಂಶ ತೋರಿಸುವ ಚಿಕ್ಕ ಮೀಟರ್ ಬಂದಿದೆ. ಹಾಳೆ ಎಳೆದ ದಿನದ ಅಂಕಿಯನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಪಂಪ್ ಎಣ್ಣೆಯ ಉಸ್ತುವಾರಿ ಅಟೆಂಡರ್‌ದು. ಮಂಡ್ಯದ ಹುಡುಗ ಈಗ ಗ್ರಾಫೈಟ್‌ಗೆ ಸಿಲಿಕಾನ್ ಬೆರೆಸುವ ಕೆಲಸ ಹಿಡಿದಿದ್ದಾನೆ. ಸಿಲಿಕಾನ್ ಲಿಥಿಯಂ ತುಂಬಿಕೊಂಡಾಗ ಮೂರು ನಾಲ್ಕು ಪಟ್ಟು ಉಬ್ಬುತ್ತದೆ, ಮೊದಲ ಚಾರ್ಜ್‌ನ ನಷ್ಟ ಗ್ರಾಫೈಟ್‌ಗಿಂತ ಬಹಳ ದೊಡ್ಡದು. ಅಲ್ಲಿ ಪ್ರಿಲಿಥಿಯೇಶನ್ ಇಲ್ಲದೆ ನಡೆಯುವುದಿಲ್ಲ. ಒತ್ತುವ ಬಲ ಪ್ರತಿ ಸಲ ಒಂದೇ ಇರುವಂತೆ ಸ್ಪ್ರಿಂಗ್ ಹಾಕಿದ ಒಂದು ಚಿಕ್ಕ ಹಿಡಿಕೆಯನ್ನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ವರ್ಕ್‌ಶಾಪ್‌ನಲ್ಲಿ ಮಾಡಿಸುತ್ತಿದ್ದಾನೆ.